ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕೊಟ್ಟಿಗೆಯಲ್ಲಿ, ಒಂದೇ ಗೋದಲಿಯ ಮುಂದೆ ಕಟ್ಟಿದ್ದರೂ ಎತ್ತು ಬೇರೆ, ಎಮ್ಮೆ ಬೇರೆ ಎಂಬುದು ಮಕ್ಕಳಿಗೂ ಗೊತ್ತು. ಅಣ್ಣ ಮಾಡಿದ ಕೊಲೆಗೆ ತಮ್ಮನನ್ನು ಗಲ್ಲಿಗೇರಿಸಿ ಎಂದು ಯಾರಾದರೂ ಕೇಳಿದರೆ ಅವರ ತಲೆ ಸರಿಯಿಲ್ಲ ಎನ್ನುತ್ತೇವೆ. ಆದರೆ ಎಲ್ಲೋ ಒಂದು ಕಡೆ ಬಾಂಬು ಸಿಡಿದು ಹತ್ತಾರು ಜನ ಸತ್ತ ಮರುದಿನ ಈ ವಿವೇಕ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ‘ಅವರ ಸರ್ಕಾರ ಮಾಡಿದ್ದೇನು ಕಮ್ಮಿಯೇ? ಅನುಭವಿಸಲಿ’ ಎಂಬ ಮಾತು ಚಹಾದಂಗಡಿಯಿಂದ ಟಿವಿ ಚರ್ಚೆಯವರೆಗೆ ಕೇಳಿಬರುತ್ತದೆ. ಅದೇ ಹೊತ್ತಿಗೆ ಇನ್ನೊಂದೆಡೆ, ದಾಳಿ ಮಾಡಿದವರ ಊರಿನವರು, ಭಾಷೆಯವರು, ಧರ್ಮದವರು ಎಂದು ಕಂಡವರ ಬಾಗಿಲಿಗೆ ಕಲ್ಲು ಬೀಳುತ್ತದೆ. ಸ್ವಂತ ಅಣ್ಣತಮ್ಮಂದಿರ ನಡುವೆ ಒಪ್ಪದ ಲೆಕ್ಕವನ್ನು, ಒಬ್ಬರ ಮುಖ ಒಬ್ಬರು ನೋಡಿರದ ಕೋಟಿಗಟ್ಟಲೆ ಜನರ ನಡುವೆ ನಾವು ಹೇಗೆ ಒಪ್ಪಿಬಿಡುತ್ತೇವೆ? ಕಳೆದ ಆರೇಳು ದಶಕಗಳಲ್ಲಿ ಮನೋವಿಜ್ಞಾನಿಗಳು ಈ ಒಗಟನ್ನು ಸಾಕಷ್ಟು ಬಿಡಿಸಿದ್ದಾರೆ. ಅದರ ಎಳೆ ಹಿಡಿಯಲು ಒಂದು ಲೋಕಲ್ ರೈಲಿನಿಂದ ಶುರುಮಾಡೋಣ.

ಬೆಳಗಿನ 7 ಗಂಟೆ 37 ನಿಮಿಷ

2004ರ ಮಾರ್ಚ್ 11, ಗುರುವಾರ. ಪೂರ್ವದ ಅಲ್ಕಲಾ ದೆ ಎನಾರೆಸ್ ಪಟ್ಟಣದ ಕಡೆಯಿಂದ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ಗೆ ಬರುವ ರೈಲುಗಳು ಎಂದಿನಂತೆ ಕಿಕ್ಕಿರಿದಿದ್ದವು. ಕಟ್ಟಡ ಕೆಲಸದವರು, ಮನೆಗೆಲಸದವರು, ಗುಮಾಸ್ತರು, ಕಾಲೇಜಿಗೆ ಹೊರಟವರು ಅವುಗಳಲ್ಲಿದ್ದರು. 7:37ಕ್ಕೆ ಅಟೋಚಾ ನಿಲ್ದಾಣದಲ್ಲಿ ಮೊದಲ ಬಾಂಬು ಸಿಡಿಯಿತು. ಮೂರೇ ನಿಮಿಷಗಳಲ್ಲಿ ನಾಲ್ಕು ರೈಲುಗಳಲ್ಲಿ ಹತ್ತು ಬಾಂಬುಗಳು ಸಿಡಿದವು. 191 ಮಂದಿ ಸತ್ತರು, 1,800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸುದ್ದಿ ಹರಡುತ್ತಿದ್ದಂತೆ ಮನೆಯವರು ಕರೆ ಮಾಡತೊಡಗಿದರು. ಸಾಲಾಗಿ ಮಲಗಿಸಿದ್ದ ಶವಗಳ ಜೇಬಿನಲ್ಲಿ ಮೊಬೈಲುಗಳು ಒಂದೇ ಸಮನೆ ರಿಂಗಾಗುತ್ತಿದ್ದವು. ಆ ಸದ್ದನ್ನು ಮರೆಯಲಾಗುವುದಿಲ್ಲ ಎಂದು ನೆರವಿಗೆ ಓಡಿಬಂದವರು ಮುಂದೆ ಹೇಳಿಕೊಂಡರು.

ಎರಡು ದಿನಗಳ ಬಳಿಕ ಸಿಕ್ಕ ವಿಡಿಯೊ ಟೇಪಿನಲ್ಲಿ ಕಾರಣ ಹೇಳಲಾಗಿತ್ತು: ಇರಾಕಿನಲ್ಲಿ ಅಮೆರಿಕದ ಜತೆ ಸ್ಪೇನ್ ಕೈಜೋಡಿಸಿದ್ದಕ್ಕೆ ಇದು ಉತ್ತರ. ಪ್ರಧಾನಿ ಹೋಸೆ ಮರಿಯಾ ಅಸ್ನಾರ್ ಅವರ ಸರ್ಕಾರ ಯುದ್ಧವನ್ನು ಬೆಂಬಲಿಸಿದ್ದು, ಸೈನಿಕರನ್ನು ಕಳಿಸಿದ್ದು ನಿಜ. ಆದರೆ ಸ್ಪೇನಿನ ಜನ? ಯುದ್ಧಕ್ಕೆ ಮುಂಚಿನ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಯುದ್ಧ ಬೇಡವೆಂದಿದ್ದರು. 2003ರ ಫೆಬ್ರುವರಿ 15ರಂದು ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾದ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ತಮ್ಮ ಸರ್ಕಾರದ ವಿರುದ್ಧವೇ ನಡೆದಿದ್ದರು. ಹಾಗಿದ್ದಮೇಲೆ ಆ ಬೋಗಿಗಳಲ್ಲಿ ಕೂತಿದ್ದವರಲ್ಲೂ ಬಹುಪಾಲು ಯುದ್ಧ ಬೇಡವೆಂದವರೇ ಇದ್ದಿರಬೇಕು. ಸತ್ತವರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ರೊಮೇನಿಯಾ, ಎಕ್ವಡಾರ್, ಪೆರು ಮುಂತಾದ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ಅಸ್ನಾರ್ ಅವರನ್ನು ಗೆಲ್ಲಿಸುವ ಅಥವಾ ಸೋಲಿಸುವ ಓಟೇ ಅವರಿಗಿರಲಿಲ್ಲ. ದಾಳಿಕೋರರಲ್ಲಿ ಹೆಚ್ಚಿನವರು ಮೊರಾಕ್ಕೊ ಮೂಲದವರು. ಸತ್ತವರ ಪಟ್ಟಿಯಲ್ಲಿ ಶಾಲೆಗೆ ಹೊರಟಿದ್ದ ಮೊರಾಕ್ಕೊ ಮೂಲದ ಒಬ್ಬ ಹುಡುಗಿಯೂ ಇದ್ದಳು. ಆ ರೈಲಿನಲ್ಲಿ ‘ಸ್ಪೇನ್’ ಎಂಬ ಒಬ್ಬ ಪ್ರಯಾಣಿಕ ಇರಲಿಲ್ಲ. ಆದರೂ ಬಾಂಬು ಇಟ್ಟವರ ಕಣ್ಣಿಗೆ ಕಂಡದ್ದು ಸ್ಪೇನ್ ಮಾತ್ರ.

ಕದ್ದದ್ದು ಕೈ, ಏಟು ಬೆನ್ನಿಗೆ

ಇದನ್ನು ಬರೀ ಕ್ರೌರ್ಯ ಎಂದು ಬಿಟ್ಟರೆ ವಿಜ್ಞಾನಕ್ಕೆ ಇಲ್ಲಿ ಹೇಳುವುದೇನೂ ಉಳಿಯುವುದಿಲ್ಲ. ಆ ಕ್ರೌರ್ಯದ ಅಡಿಯಲ್ಲಿ ನಮ್ಮೆಲ್ಲರ ತಲೆಯೊಳಗೂ ಕೆಲಸ ಮಾಡುವ ಒಂದು ಸಾಮಾನ್ಯ ಸಾಮರ್ಥ್ಯವಿದೆ. ಸಂಜೆ ಗೂಡಿಗೆ ಮರಳುವ ಹಕ್ಕಿಗಳನ್ನು ನೋಡುವಾಗ ನಮಗೆ ನೂರು ಹಕ್ಕಿ ಕಾಣುವುದಿಲ್ಲ, ಒಂದು ಹಿಂಡು ಕಾಣುತ್ತದೆ. ಹಿಂಡು ತಿರುಗಿತು, ಹಿಂಡು ಇಳಿಯಿತು ಎನ್ನುತ್ತೇವೆ. ಜಾತ್ರೆಯಲ್ಲಿ ಹಗ್ಗ ಹಿಡಿದು ತೇರು ಎಳೆಯುವವರೂ ಹಾಗೆಯೇ, ಕ್ಷಣಕಾಲ ಸಾವಿರ ಕೈಗಳ ಒಂದೇ ಮನುಷ್ಯನಂತೆ ಕಾಣುತ್ತಾರೆ. ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1958ರಲ್ಲಿ ಕೇಳಿದ್ದು ಇದನ್ನೇ: ಬಿಡಿ ಬಿಡಿ ಜನರ ಒಂದು ಕೂಟ ಯಾವಾಗ ನಮ್ಮ ಕಣ್ಣಿಗೆ ಒಂದು ವಸ್ತುವಾಗಿ ಕಾಣತೊಡಗುತ್ತದೆ? ಅವರು ಕೊಟ್ಟ ಮುಖ್ಯ ಸುಳಿವುಗಳು ಸರಳವಾದವು. ಅವರು ಹತ್ತಿರ ಹತ್ತಿರ ಇರಬೇಕು, ಒಬ್ಬರಂತೆ ಒಬ್ಬರು ಕಾಣಬೇಕು, ಒಬ್ಬರಿಗೆ ಆದದ್ದು ಉಳಿದವರಿಗೂ ಆಗುವಂತಿರಬೇಕು. ಈ ಗುಣಕ್ಕೆ ಅವರು ಇಟ್ಟ ಇಂಗ್ಲಿಷ್ ಹೆಸರು ಎಂಟಿಟೇಟಿವಿಟಿ. ನಾವು ಇದನ್ನು ‘ಒಂದೊಡಲ ನೋಟ’ ಎನ್ನೋಣ. ಹಲವು ಒಡಲುಗಳನ್ನು ಒಂದೇ ಒಡಲಾಗಿ ಕಾಣುವುದು.

ಈ ನೋಟದಿಂದ ನ್ಯಾಯದ ಲೆಕ್ಕ ಹೇಗೆ ಬುಡಮೇಲಾಗುತ್ತದೆ ಎಂಬುದನ್ನು ಒಬ್ಬನೇ ಕಳ್ಳನನ್ನು ಮುಂದಿಟ್ಟುಕೊಂಡು ನೋಡಬಹುದು. ಕದ್ದದ್ದು ಅವನ ಕೈ, ಏಟು ಬೀಳುವುದು ಬೆನ್ನಿಗೆ. ಪಾಪ, ಬೆನ್ನು ಏನು ಮಾಡಿತ್ತು ಎಂದು ಯಾರೂ ಕೇಳುವುದಿಲ್ಲ. ಕೈಗೂ ಬೆನ್ನಿಗೂ ಯಜಮಾನ ಒಬ್ಬನೇ, ಬೆನ್ನಿನ ನೋವು ಕೈಯನ್ನು ಆಡಿಸಿದ ತಲೆಗೇ ಮುಟ್ಟುತ್ತದೆ. ಒಂದು ದೇಶವನ್ನೋ ಸಮುದಾಯವನ್ನೋ ಒಂದೊಡಲಾಗಿ ಕಂಡ ಮನಸ್ಸು ಇದೇ ಲೆಕ್ಕವನ್ನು ಅಲ್ಲಿಗೂ ಹಚ್ಚುತ್ತದೆ. ಸರ್ಕಾರ ಅದರ ಕೈ, ರೈಲಿನಲ್ಲಿ ಕೂತ ಗುಮಾಸ್ತ ಅದರ ಬೆನ್ನು. ಕೈ ಸಿಗದಿದ್ದರೆ ಬೆನ್ನಿಗೆ ಹೊಡೆದರಾಯಿತು. ಹಾಗೆ ಹೊಡೆದವನಿಗೆ ತಾನು ನಿರಪರಾಧಿಯನ್ನು ಹೊಡೆದೆ ಅನ್ನಿಸುವುದೇ ಇಲ್ಲ, ಅಪರಾಧಿಯ ಇನ್ನೊಂದು ಅಂಗಕ್ಕೆ ಹೊಡೆದೆ ಅನ್ನಿಸುತ್ತದೆ. ಈ ಅಧ್ಯಾಯದಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಇಷ್ಟೇ. ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಕೈಗೂ ಬೆನ್ನಿಗೂ ನಡುವೆ ನರಗಳಿವೆ. ಮಂತ್ರಿಮಂಡಲಕ್ಕೂ ಅಟೋಚಾದ ಪ್ರಯಾಣಿಕನಿಗೂ ನಡುವೆ ಅಂಥ ನರವಿಲ್ಲ. ಪ್ರಯಾಣಿಕನ ಕಾಲು ತುಂಡಾದರೆ ನೋವು ಪ್ರಧಾನಿಯ ಮಿದುಳಿಗೆ ಹೋಗುವುದಿಲ್ಲ, ಪ್ರಯಾಣಿಕನ ಮಿದುಳಿನಲ್ಲೇ ಉಳಿಯುತ್ತದೆ.

ನಾವು ಬಗೆಬಗೆ, ಅವರೆಲ್ಲ ಒಂದೇ

ಒಂದೊಡಲ ನೋಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 1980ರಲ್ಲಿ ಜಾರ್ಜ್ ಕ್ವಾಟ್ರೋನ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಸಂಶೋಧಕರು ಅಮೆರಿಕದ ಪ್ರಿನ್ಸ್‌ಟನ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ವಿಡಿಯೊ ತೋರಿಸಿದರು. ಅದರಲ್ಲಿ ಒಬ್ಬ ಯುವಕ ಒಂದು ಸಣ್ಣ ಆಯ್ಕೆ ಮಾಡುತ್ತಾನೆ. ಇವನು ನಿಮ್ಮ ವಿಶ್ವವಿದ್ಯಾಲಯದವನು ಎಂದು ಕೆಲವರಿಗೆ, ಅತ್ತ ಕಡೆಯವನು ಎಂದು ಉಳಿದವರಿಗೆ ಹೇಳಿದ್ದರು. ಅಲ್ಲಿನ ಉಳಿದವರು ಇದ್ದರೆ ಏನು ಆರಿಸುತ್ತಿದ್ದರು ಎಂದು ಕೇಳಿದಾಗ, ಅತ್ತ ಕಡೆಯವನನ್ನು ನೋಡಿದವರು ‘ಅವರೆಲ್ಲ ಇದನ್ನೇ ಆರಿಸುತ್ತಾರೆ’ ಎನ್ನುವತ್ತ ಹೆಚ್ಚು ವಾಲಿದರು. ನಮ್ಮ ಕಡೆಯ ಒಬ್ಬ ತನ್ನನ್ನು ಮಾತ್ರ ಪ್ರತಿನಿಧಿಸುತ್ತಾನೆ, ಅವರ ಕಡೆಯ ಒಬ್ಬ ಅವರೆಲ್ಲರನ್ನೂ ಪ್ರತಿನಿಧಿಸುತ್ತಾನೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಅಡುಗೆಮನೆಯ ಸೂತ್ರವನ್ನು ನಾವು ಹೊರಗಿನವರ ಮೇಲೆ ಧಾರಾಳವಾಗಿ ಬಳಸುತ್ತೇವೆ. ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಆ ಸೂತ್ರ ಸರಿ. ಜನ ಹಾಗೆ ಬೆಂದವರಲ್ಲ. ನಮ್ಮ ಮನೆಯವರ ವಿಷಯದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. ಸೋದರತ್ತೆಯ ರಾಜಕೀಯ ಬೇರೆ, ಚಿಕ್ಕಪ್ಪನದು ಬೇರೆ, ಊಟಕ್ಕೆ ಕೂತರೆ ಜಗಳವೇ. ಮುಖ ಕಾಣದ ದೂರದ ಜನರ ಊಟದ ಮನೆಯಲ್ಲೂ ಅಂಥದೇ ಜಗಳ ನಡೆದಿರುತ್ತದೆ ಎಂಬುದು ಮಾತ್ರ ನಮ್ಮ ಕಲ್ಪನೆಗೆ ಬರುವುದಿಲ್ಲ.

ಕೈಗೆ ಸಿಕ್ಕಿದವರು

ಒಂದೊಡಲ ನೋಟಕ್ಕೆ ಸಿಟ್ಟು ಕೂಡಿಕೊಂಡಾಗ ಆಗುವುದನ್ನು ಬ್ರಯಾನ್ ಲಿಕಲ್ ಮತ್ತು ಸಂಗಡಿಗರು 2006ರಲ್ಲಿ ಬಿಡಿಸಿ ತೋರಿಸಿದರು. ಪೆಟ್ಟು ತಿಂದವನು ನಾನಲ್ಲ, ನನ್ನ ಕಡೆಯವನು. ಪೆಟ್ಟು ಕೊಟ್ಟವನು ಇವನಲ್ಲ, ಇವನ ಕಡೆಯವನು. ಆದರೂ ನಾನು ಇವನಿಗೆ ಹೊಡೆಯುತ್ತೇನೆ. ಎರಡೂ ತುದಿಯಲ್ಲಿ ಆಳು ಬದಲಾಗಿರುವ ಇದನ್ನು ‘ಬದಲಿ ಸೇಡು’ ಎನ್ನಬಹುದು. ಇದರ ಸಣ್ಣ ರೂಪ ಆಟದ ಮೈದಾನದಲ್ಲೇ ಸಿಗುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಕೆಲವೊಮ್ಮೆ ಎದುರಾಳಿ ಬ್ಯಾಟರನ ಮೈಗೇ ಎಸೆಯುತ್ತಾನೆ. ರಿಚರ್ಡ್ ಲ್ಯಾರಿಕ್ ಮತ್ತು ಸಂಗಡಿಗರು 1952ರಿಂದ 2009ರವರೆಗಿನ 57,000ಕ್ಕೂ ಹೆಚ್ಚು ಪಂದ್ಯಗಳ ದಾಖಲೆ ಜಾಲಾಡಿದರು. ತನ್ನ ತಂಡದವರಿಗೆ ಏಟು ಬಿದ್ದಿದ್ದರೆ, ಬಿಸಿಲು ಏರಿದಷ್ಟೂ, ಎಸೆತಗಾರ ಎದುರು ತಂಡದ ಬ್ಯಾಟರನಿಗೆ ಹೊಡೆಯುವ ಸಂಭವ ಹೆಚ್ಚುತ್ತಿತ್ತು. ಆ ಬ್ಯಾಟರ ಯಾರಿಗೂ ಚೆಂಡು ಎಸೆದವನೇ ಅಲ್ಲ, ಅದೇ ಬಣ್ಣದ ಅಂಗಿ ತೊಟ್ಟವನು, ಅಷ್ಟೆ.

ಮೈದಾನದ ಅಂಗಿಯ ಜಾಗದಲ್ಲಿ ಹೆಸರು, ಗಡ್ಡ, ಪೇಟ, ಅಂಗಡಿಯ ಬೋರ್ಡು ಬಂದರೆ ಬದಲಿ ಸೇಡು ಜೀವ ತೆಗೆಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಾಲ್ಕೇ ದಿನಗಳ ಬಳಿಕ ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಒಬ್ಬ ಸಿಖ್ಖರನ್ನು ಗುಂಡಿಕ್ಕಿ ಕೊಂದರು. ಕೊಂದವನಿಗೆ ಕಂಡದ್ದು ಪೇಟ ಮತ್ತು ಗಡ್ಡ. ಅಮೆರಿಕದ ಎಫ್‌ಬಿಐ ದಾಖಲೆಯಲ್ಲಿ ಮುಸ್ಲಿಮರ ವಿರುದ್ಧದ ದ್ವೇಷಾಪರಾಧಗಳು 2000ದಲ್ಲಿ 28 ಇದ್ದವು, 2001ರಲ್ಲಿ 481ಕ್ಕೆ ಏರಿದವು. ನಮ್ಮಲ್ಲೂ 1984ರಲ್ಲಿ ಇಬ್ಬರು ಸಿಖ್ ಅಂಗರಕ್ಷಕರು ಇಂದಿರಾ ಗಾಂಧಿಯವರನ್ನು ಕೊಂದದ್ದಕ್ಕೆ ದೆಹಲಿಯೊಂದರಲ್ಲೇ, ಸರ್ಕಾರಿ ಲೆಕ್ಕದಂತೆ, 2,733 ಸಿಖ್ಖರು ಪ್ರಾಣ ಕೊಡಬೇಕಾಯಿತು.

ಈ ನೋಟ ಎಷ್ಟು ಕುರುಡು ಎಂಬುದಕ್ಕೆ ಎರಡು ಬೇಕರಿಗಳನ್ನು ಹತ್ತಿರದಿಂದ ನೋಡಬೇಕು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಆತ್ಮಾಹುತಿ ದಾಳಿಗೆ ಬಲಿಯಾದರು. ಎಂಟು ದಿನಗಳ ನಂತರ ಬೆಂಗಳೂರಿನ ಇಂದಿರಾನಗರದ ಕರಾಚಿ ಬೇಕರಿ ಮುಂದೆ ಗುಂಪೊಂದು ಸೇರಿ ಬೋರ್ಡಿನಲ್ಲಿದ್ದ ‘ಕರಾಚಿ’ ಎಂಬ ಹೆಸರನ್ನು ತೆಗೆಯಿರಿ ಎಂದು ಪಟ್ಟು ಹಿಡಿಯಿತು. ಸಿಬ್ಬಂದಿ ಆ ಪದವನ್ನು ಮುಚ್ಚಿದರು, ರಾಷ್ಟ್ರಧ್ವಜ ತೂಗುಹಾಕಿದರು. ಹೈದರಾಬಾದಿನಲ್ಲಿ 1953ರಲ್ಲಿ ಆ ಬೇಕರಿ ಕಟ್ಟಿದವರು ದೇಶ ವಿಭಜನೆಯಲ್ಲಿ ಮನೆಮಠ ಬಿಟ್ಟು ಬಂದ ಸಿಂಧಿ ಹಿಂದೂ ಕುಟುಂಬದವರು. ಕಳೆದುಕೊಂಡ ಊರಿನ ನೆನಪಿಗೆಂದು ಉಳಿಸಿಕೊಂಡ ಹೆಸರು, ಶತ್ರು ದೇಶದ ಒಂದು ಅಂಗದಂತೆ ಕಂಡಿತು. ಇನ್ನೊಂದು ಬೇಕರಿ ಸ್ಪೇನಿನ ಪಾಂಪ್ಲೋನಾದ್ದು. ಮ್ಯಾಡ್ರಿಡ್ ದಾಳಿಯಾದ ಕೂಡಲೇ ಇದು ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯ ಕೆಲಸವೆಂದು ಸ್ಪೇನ್ ಸರ್ಕಾರ ಹೇಳಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೂಡ ಅದೇ ದಿನ ಇಟಿಎಯನ್ನು ಹೆಸರಿಸಿ ಖಂಡನಾ ನಿರ್ಣಯ ಸ್ವೀಕರಿಸಿತು. ಮಾರ್ಚ್ 13ರಂದು ಪಾಂಪ್ಲೋನಾದ ಬೇಕರಿಯವರೊಬ್ಬರು ತಮ್ಮ ಅಂಗಡಿಯಲ್ಲಿ ಇಟಿಎ ವಿರೋಧಿ ಚೀಟಿ ಅಂಟಿಸಲು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಅಂದು ಕರ್ತವ್ಯದಲ್ಲಿರದ ನೆರೆಮನೆಯ ಪೊಲೀಸನೊಬ್ಬ ಮಗನೊಂದಿಗೆ ಹೋಗಿ ಅವರನ್ನು ಕೊಂದ. ಇಟಿಎಗೂ ಆ ದಾಳಿಗೂ ಸಂಬಂಧವೇ ಇರಲಿಲ್ಲ ಎಂಬುದು ಆಮೇಲೆ ಸ್ಪಷ್ಟವಾಯಿತು. ಇಲ್ಲಿ ಬೆನ್ನಷ್ಟೇ ತಪ್ಪಾಗಿರಲಿಲ್ಲ, ಒಡಲೇ ತಪ್ಪಾಗಿತ್ತು.

ದೂರದಲ್ಲಿ ಕೂತವರ ನ್ಯಾಯ

ಸಿಟ್ಟಿನಲ್ಲಿ ಕಲ್ಲೆತ್ತಿದವರದು ಒಂದು ಕತೆ. ಆದರೆ ದಾಳಿಗೂ ತಮಗೂ ಸಂಬಂಧವಿಲ್ಲದ, ಸುರಕ್ಷಿತವಾಗಿ ದೂರದಲ್ಲಿರುವ, ಓದಿಕೊಂಡ ಜನರೂ ‘ಅವರ ಸರ್ಕಾರದ ಪಾಪ ಅವರನ್ನು ಸುತ್ತಿಕೊಂಡಿತು’ ಎನ್ನುವುದೇಕೆ? 2001ರ ದಾಳಿಯಲ್ಲಿ ಸತ್ತ ಹಣಕಾಸು ಕಚೇರಿಯ ನೌಕರರನ್ನು ಅಮೆರಿಕದ್ದೇ ಒಬ್ಬ ಪ್ರಾಧ್ಯಾಪಕರು ನಾತ್ಸಿ ಅಧಿಕಾರಿ ಐಖ್‌ಮನ್‌ಗೆ ಹೋಲಿಸಿ ಬರೆದದ್ದು ಮುಂದೆ ದೊಡ್ಡ ವಿವಾದವಾಯಿತು. ದಾಳಿಗೆ ಉರುಳಿದ ನ್ಯೂಯಾರ್ಕಿನ ಗೋಪುರವೊಂದರ ತುದಿಯ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಿದ್ದ, ತಟ್ಟೆ ತೊಳೆಯುತ್ತಿದ್ದ, ಬಡಿಸುತ್ತಿದ್ದ 70ಕ್ಕೂ ಹೆಚ್ಚು ಕೆಲಸಗಾರರೂ ಆ ಬೆಳಗ್ಗೆ ಸತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿ ಬೇರೆ ದೇಶಗಳಿಂದ ವಲಸೆ ಬಂದವರು. ಆ ಹೋಲಿಕೆಯಲ್ಲಿ ಅವರಿಗೆ ಜಾಗ ಎಲ್ಲಿ?

ದೂರದಲ್ಲಿ ಕೂತವರು ಸತ್ತವರ ಮೇಲೇ ತಪ್ಪು ಹೊರಿಸುವುದೇಕೆ ಎಂಬುದಕ್ಕೆ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ಸುಳಿವು ಕೊಡುತ್ತದೆ. ಒಬ್ಬ ಹುಡುಗಿ ಉತ್ತರ ತಪ್ಪಿದಾಗಲೆಲ್ಲ ವಿದ್ಯುತ್ ಆಘಾತ ಅನುಭವಿಸುವುದನ್ನು ವಿದ್ಯಾರ್ಥಿನಿಯರು ನೋಡುತ್ತಾರೆ. ಅದು ಬರೀ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ಅವಳ ನೋವನ್ನು ನಿಲ್ಲಿಸುವ ಅವಕಾಶ ಸಿಕ್ಕ ನೋಟಕರು ಅವಳ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಏನೂ ಮಾಡಲಾಗದೆ ನೋಡುತ್ತ ಕೂರಬೇಕಾದವರು ಮಾತ್ರ ಅವಳ ಗುಣದಲ್ಲೇ ಹುಳುಕು ಹುಡುಕತೊಡಗಿದರು. ಏಕೆಂದರೆ ಲೋಕದಲ್ಲಿ ಒಂದು ನ್ಯಾಯವಿದೆ, ಒಳ್ಳೆಯವರಿಗೆ ಕೆಟ್ಟದ್ದಾಗುವುದಿಲ್ಲ ಎಂದು ನಂಬಿ ನಾವು ಪ್ರತಿದಿನ ಮನೆಯಿಂದ ಹೊರಬೀಳುತ್ತೇವೆ. ಕೆಲಸಕ್ಕೆ ಹೊರಟ ಒಬ್ಬಳು ಸುಮ್ಮಸುಮ್ಮನೆ ಸತ್ತಳು ಎಂದು ಒಪ್ಪಿದರೆ ನಾಳೆ ನಮ್ಮ ರೈಲಿಗೂ ಅದು ಆಗಬಹುದು. ಆ ಭಯಕ್ಕಿಂತ ಅವಳ ಮೇಲೊಂದು ತಪ್ಪು ಹೊರಿಸುವುದು ಸುಲಭ. ಅವಳ ಸ್ವಂತ ತಪ್ಪು ಸಿಗದಿದ್ದಾಗ ಒಂದೊಡಲ ನೋಟ ನೆರವಿಗೆ ಬಂದು ಅವಳ ಸರ್ಕಾರದ ತಪ್ಪನ್ನು ಎರವಲು ತಂದುಕೊಡುತ್ತದೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತಿನಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ. ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು ಆದಾಗಲೂ ಅದೇ ಮಾತು ಹೇಳಿ ಸಮಾಧಾನಪಟ್ಟುಕೊಳ್ಳುವುದು ಆ ಗಾದೆಗೇ ಮಾಡುವ ಅನ್ಯಾಯ.

ಓಟು ಹಾಕಿದವರ ಪಾಲೆಷ್ಟು?

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ರಾಜನ ಕಾಲ ಹೋಯಿತು, ಈಗ ಸರ್ಕಾರವನ್ನು ಆರಿಸುವವರು ಜನರೇ, ತೆರಿಗೆ ಕೊಟ್ಟು ಬಾಂಬು ಖರೀದಿಸುವವರೂ ಅವರೇ, ಹಾಗಾಗಿ ಪ್ರಜಾಪ್ರಭುತ್ವದಲ್ಲಿ ಯಾರೂ ಮುಗ್ಧರಲ್ಲ ಎಂಬ ವಾದವಿದು. ಬಿನ್ ಲಾದೆನ್ ಹೆಸರಿನಲ್ಲಿ 2002ರಲ್ಲಿ ಹೊರಬಂದ ಪತ್ರದಲ್ಲಿ ಅಮೆರಿಕದ ಜನರ ಮೇಲೆ ಹೊರಿಸಿದ ಆರೋಪದ ತಿರುಳೂ ಇದೇ. ಮೊದಲು ಲೆಕ್ಕವನ್ನೇ ನೋಡೋಣ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾರ್ಜ್ ಬುಷ್‌ಗಿಂತ ಅಲ್ ಗೋರ್‌ಗೆ ಸುಮಾರು 5.4 ಲಕ್ಷ ಓಟು ಹೆಚ್ಚು ಬಿದ್ದಿದ್ದವು, ಆದರೂ ಅಧ್ಯಕ್ಷರಾದವರು ಬುಷ್. ಅವರಿಗೆ ಓಟು ಹಾಕದವರು, ಓಟೇ ಹಾಕದವರು, ಹದಿನೆಂಟು ತುಂಬದವರು, ವಲಸಿಗರು ಎಲ್ಲರನ್ನೂ ಕಳೆದರೆ ಉಳಿಯುವವರು ಆ ದೇಶದ ಒಂದು ಸಣ್ಣ ಪಾಲು. ಹಾಕಿದವರೂ ತೆರಿಗೆ, ಆಸ್ಪತ್ರೆ, ಶಾಲೆ, ನೌಕರಿ ಎಂಬ ಹತ್ತು ಕಾರಣಕ್ಕೆ ಒಂದೇ ಗುಂಡಿ ಒತ್ತಿದವರು. ತೆರಿಗೆಯಂತೂ ಕೊಡದಿದ್ದರೆ ಜೈಲು.

ಲೆಕ್ಕಕ್ಕಿಂತ ಬಲವಾದ ಸಾಕ್ಷಿ ದಾಳಿಕೋರರ ನಡವಳಿಕೆಯಲ್ಲೇ ಇದೆ. ಮ್ಯಾಡ್ರಿಡ್ ದಾಳಿಯಾದ ಮೂರನೇ ದಿನ, ಮಾರ್ಚ್ 14ರಂದು, ಸ್ಪೇನಿನ ಜನ ಸರ್ಕಾರವನ್ನೇ ಬದಲಿಸಿದರು. ಇರಾಕಿನಿಂದ ಸೈನಿಕರನ್ನು ವಾಪಸ್ ಕರೆಸುವ ಮಾತು ಕೊಟ್ಟಿದ್ದ ಸಮಾಜವಾದಿ ನಾಯಕ ಸಪಟೇರೊ ಅವರ ಪಕ್ಷ ಗೆದ್ದಿತು. ಓಟೇ ಅಪರಾಧವಾಗಿದ್ದರೆ ಆ ಅಪರಾಧ ಅಂದಿಗೆ ತೀರಬೇಕಿತ್ತು. ಆದರೆ ಏಪ್ರಿಲ್ 2ರಂದು ಮ್ಯಾಡ್ರಿಡ್–ಸೆವಿಲ್ ವೇಗದ ರೈಲಿನ ಹಳಿಯ ಬಳಿ ಇನ್ನೊಂದು ಬಾಂಬು ಸಿಕ್ಕಿತು. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ತಾಲಿಬಾನ್, ಸೇನಾ ಕಾರ್ಯಾಚರಣೆಗೆ ಸೇಡೆಂದು ಹೇಳಿಕೊಂಡು ಪೇಶಾವರದ ಸೈನಿಕ ಶಾಲೆಗೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದಿತು. ಆ ಮಕ್ಕಳು ಯಾರಿಗೂ ಓಟು ಹಾಕಿರಲಿಲ್ಲ. ಓಟು ಇದ್ದಲ್ಲಿ ಓಟು, ಇಲ್ಲದಲ್ಲಿ ಅಪ್ಪನ ನೌಕರಿ, ಅದೂ ಇಲ್ಲದಲ್ಲಿ ಹುಟ್ಟಿದ ಊರು. ಕಾರಣಗಳು ಬದಲಾಗುತ್ತವೆ, ಶಿಕ್ಷೆ ಬದಲಾಗುವುದಿಲ್ಲ. ಮೊದಲು ಒಂದೊಡಲಾಗಿ ಕಂಡು, ಆಮೇಲೆ ಅದಕ್ಕೊಂದು ವಾದ ಹೊಲಿಯುತ್ತಾರೆ.

ಹಾಗಾದರೆ ಪ್ರಜೆಗೆ ಹೊಣೆಯೇ ಇಲ್ಲವೇ? ಖಂಡಿತ ಇದೆ. ಜರ್ಮನಿಯ ದಾರ್ಶನಿಕ ಕಾರ್ಲ್ ಯಾಸ್ಪರ್ಸ್ ಎರಡನೇ ಮಹಾಯುದ್ಧ ಮುಗಿದೊಡನೆ ತಮ್ಮ ಜನರ ಮುಂದೆ ಇದೇ ಪ್ರಶ್ನೆ ಇಟ್ಟು, 1946ರಲ್ಲಿ ಪುಸ್ತಕವಾಗಿಸಿದರು. ಅವರ ಪತ್ನಿ ಯಹೂದಿ. ನಾತ್ಸಿಗಳು ಅವರ ಪ್ರಾಧ್ಯಾಪಕ ಹುದ್ದೆಯನ್ನು ಕಿತ್ತುಕೊಂಡಿದ್ದರು. ಅಷ್ಟಾದರೂ ಅವರು ಇಡೀ ಜರ್ಮನ್ ಜನರನ್ನು ಅಪರಾಧಿಗಳೆನ್ನಲಿಲ್ಲ. ಅಪರಾಧ ಅದನ್ನು ಮಾಡಿದ ವ್ಯಕ್ತಿಯದು, ಅದನ್ನು ಅಳೆಯುವುದು ನ್ಯಾಯಾಲಯ. ರಾಜಕೀಯ ಹೊಣೆ ಪ್ರಜೆಗಳೆಲ್ಲರದು, ಅದರ ಬೆಲೆ ನಷ್ಟ ಪರಿಹಾರ, ದುರಸ್ತಿ. ನೈತಿಕ ಹೊಣೆ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಈ ವಿಂಗಡಣೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ್ದೇ ಉದಾಹರಣೆಯಿದೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ, 1942ರಲ್ಲಿ ಅಮೆರಿಕ ತನ್ನಲ್ಲಿದ್ದ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದ ನಾಗರಿಕರೇ. ಅದು ಎಮ್ಮೆಗೆ ಹಾಕಿದ ಬರೆ. 1988ರಲ್ಲಿ ಅದೇ ಅಮೆರಿಕ ಕಾನೂನು ಮಾಡಿ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಆ ಹಣ ಬಂದದ್ದು 1942ರಲ್ಲಿ ಹುಟ್ಟಿಯೇ ಇರದ ಲಕ್ಷಾಂತರ ಜನರ ತೆರಿಗೆಯಿಂದಲೂ ಹೌದು. ಅವರಾರೂ ಅಪರಾಧಿಗಳಲ್ಲ, ಆದರೆ ಹೊಣೆ ಹೊತ್ತರು. ಹೊಣೆ ಹೊರುವುದೆಂದರೆ ಸಾಲ ತೀರಿಸುವುದು, ಪ್ರತಿಭಟಿಸುವುದು, ಮುಂದಿನ ಸಲ ಬೇರೆ ಸರ್ಕಾರ ಆರಿಸುವುದು. ಇದೆಲ್ಲ ಬದುಕಿದ್ದರೆ ಮಾತ್ರ ಸಾಧ್ಯ.

ಕಾರಣ ಹುಡುಕುವುದು ತಪ್ಪೇ?

ಇನ್ನೊಂದು ಆಕ್ಷೇಪಣೆ ಎದುರು ದಿಕ್ಕಿನಿಂದ ಬರುತ್ತದೆ. ಜನ ಮುಗ್ಧರೆಂದ ಮೇಲೆ ಸರ್ಕಾರದ ನೀತಿಗಳ ಮಾತೇ ಬೇಡ, ಅದನ್ನೆತ್ತುವುದು ಭಯೋತ್ಪಾದಕರ ಪರ ವಕಾಲತ್ತು ಎಂದು ಕೆಲವರು ಗದರುತ್ತಾರೆ. ಅದೂ ಸರಿಯಲ್ಲ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥೆಯಾಗಿದ್ದ ಎಲೈಜಾ ಮ್ಯಾನಿಂಗ್‌ಹ್ಯಾಮ್ ಬುಲರ್ ಅವರೇ 2010ರಲ್ಲಿ ಇರಾಕ್ ಯುದ್ಧದ ಕುರಿತ ಚಿಲ್ಕಾಟ್ ವಿಚಾರಣೆಯ ಮುಂದೆ, ಆ ಯುದ್ಧದಿಂದ ಬ್ರಿಟನ್ನಿಗೆ ಭಯೋತ್ಪಾದನೆಯ ಅಪಾಯ ಹೆಚ್ಚಿತು ಎಂದು ಸಾಕ್ಷ್ಯ ನುಡಿದರು. ಹಾಗೆಂದು ಅವರು 2005ರ ಜುಲೈ 7ರಂದು ಲಂಡನ್ನಿನ ಬಾಂಬು ದಾಳಿಯಲ್ಲಿ ಸತ್ತ 52 ಮಂದಿಯನ್ನು ದೂಷಿಸಿದಂತಾಗಲಿಲ್ಲ. ಬೇಸಿಗೆಯಲ್ಲಿ ದಾರಿ ಬದಿ ಹುಲ್ಲಿನ ಬಣವೆ ಒಟ್ಟಿದ ಮನೆಯ ಯಜಮಾನ ಎಚ್ಚರಗೇಡಿ. ಅದಕ್ಕೆ ಕಡ್ಡಿ ಗೀರಿದವನು ಅಪರಾಧಿ. ಬೆಂಕಿ ಹೇಗೆ ಹತ್ತಿತೆಂದು ತಿಳಿಯಲು ಎರಡನ್ನೂ ಕೇಳಬೇಕು, ಮುಂದಿನ ಬೇಸಿಗೆಗೆ ಬಣವೆಯ ಜಾಗ ಬದಲಿಸಲೂ ಬೇಕು. ಆದರೆ ಬಣವೆಯ ಪಕ್ಕದಲ್ಲಿ ಕಟ್ಟಿದ್ದ ಕರು ಸುಟ್ಟುಹೋದರೆ ಅದು ಆ ಮನೆಯ ಕರುವಾದದ್ದಕ್ಕೆ ಅದರದೂ ತಪ್ಪಿದೆ ಎನ್ನಲಾಗುವುದಿಲ್ಲ. ಕಾರಣ ಎಂಬುದು ಒಂದು ಪ್ರಶ್ನೆಗೆ ಉತ್ತರ, ತಪ್ಪು ಎಂಬುದು ಇನ್ನೊಂದಕ್ಕೆ. ಎರಡನ್ನೂ ಬೆರೆಸಿದರೆ ಸರ್ಕಾರದ ನೀತಿಯನ್ನು ಟೀಕಿಸುವುದೂ ಕಷ್ಟವಾಗುತ್ತದೆ, ಸತ್ತವರಿಗಾಗಿ ಅಳುವುದೂ ಕಷ್ಟವಾಗುತ್ತದೆ.

ಒಂದೊಡಲ ನೋಟವನ್ನು ಪೂರಾ ಅಳಿಸಿಹಾಕಬೇಕೆಂದೂ ಇದರ ಅರ್ಥವಲ್ಲ. ತೇರು ಎಳೆಯಲು, ನೆರೆ ಬಂದಾಗ ಕೈಗೂಡಿಸಲು ಅದು ಬೇಕು. ಮ್ಯಾಡ್ರಿಡ್ ದಾಳಿಯ ಮರುದಿನ ಸ್ಪೇನಿನಾದ್ಯಂತ ಒಂದು ಕೋಟಿಗೂ ಹೆಚ್ಚು ಜನ ಭಯೋತ್ಪಾದನೆಯ ವಿರುದ್ಧ ಬೀದಿಗಿಳಿದದ್ದು, ಮ್ಯಾಡ್ರಿಡ್ಡಿನಲ್ಲಿ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತದ್ದು ಆ ನೋಟದಿಂದಲೇ. ನೋವು ಹಂಚಿಕೊಳ್ಳುವಾಗ ಒಂದೊಡಲಾಗುವುದು ಒಳ್ಳೆಯದು. ಶಿಕ್ಷೆ ಹಂಚುವ ಹೊತ್ತಿಗೆ ಮಾತ್ರ ಒಡಲು ಮತ್ತೆ ಬಿಡಿ ಮನುಷ್ಯರಾಗಬೇಕು.

ಪ್ರಶ್ನೆಯನ್ನು ತಿರುಗಿಸಿದಾಗ

ಅದು ಆಗುವಂಥದೇ? ನರವಿಜ್ಞಾನಿ ಎಮಿಲ್ ಬ್ರೂನೊ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ನಿಮ್ಮ ಧರ್ಮದ, ನಿಮ್ಮ ಬಣ್ಣದ ಒಬ್ಬ ನಡೆಸಿದ ಹತ್ಯಾಕಾಂಡಕ್ಕೆ ನೀವೆಷ್ಟು ಹೊಣೆ ಎಂದು ಮೊದಲು ಕೇಳಿದರು. ಬಹುತೇಕ ಎಲ್ಲರ ಉತ್ತರ, ನಾನೇಕೆ ಹೊಣೆ ಎಂದು. ಆಮೇಲೆ, ಮುಸ್ಲಿಂ ಹೆಸರಿನ ಉಗ್ರರು ನಡೆಸಿದ ದಾಳಿಗೆ ಒಬ್ಬ ಸಾಮಾನ್ಯ ಮುಸ್ಲಿಂ ಎಷ್ಟು ಹೊಣೆ ಎಂದು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರಿಸಿ ಬಂದವರು ಎರಡನೆಯದಕ್ಕೆ ಹೊರಿಸಿದ ಹೊಣೆ ಗಣನೀಯವಾಗಿ ಕಡಿಮೆಯಿತ್ತು. 2020ರಲ್ಲಿ ಪ್ರಕಟವಾದ ಅವರ ದೊಡ್ಡ ಅಧ್ಯಯನದಲ್ಲಿ ಈ ಪರಿಣಾಮ ಒಂದು ವರ್ಷದ ನಂತರವೂ ಉಳಿದಿತ್ತು. ಆ ಅಧ್ಯಯನ ನಡೆದದ್ದು ಸ್ಪೇನಿನಲ್ಲಿ. ಉಪದೇಶವಿಲ್ಲ, ಬೈಗುಳವಿಲ್ಲ. ನಮ್ಮ ಊಟದ ಮನೆಯ ಜಗಳ ನೆನಪಾಗುತ್ತಲೇ ಅವರ ಮನೆಯದೂ ಊಹೆಗೆ ನಿಲುಕುತ್ತದೆ, ‘ಅವರು’ ಎಂಬ ಒಡಲು ಬಿಡಿ ಬಿಡಿಯಾಗಿ ಕಾಣತೊಡಗುತ್ತದೆ.

ಮ್ಯಾಡ್ರಿಡ್ಡಿನ ಪೊಲೀಸರು ಹಿಡಿದ ದಾರಿಯೂ ಬಿಡಿಸಿ ನೋಡುವ ದಾರಿಯೇ. ಸಿಡಿಯದೆ ಉಳಿದ ಒಂದು ಬ್ಯಾಗು ಪ್ರಯಾಣಿಕರ ಸಾಮಾನುಗಳ ಜತೆ ಠಾಣೆಗೆ ಬಂದಿತ್ತು. ಅದರಲ್ಲಿ ಸುಮಾರು ಹತ್ತು ಕಿಲೊ ಸ್ಫೋಟಕ, ಮೊಳೆ, ಸ್ಕ್ರೂಗಳು, ಒಂದು ಮೊಬೈಲು. ಬಾಂಬು ನಿಷ್ಕ್ರಿಯಗೊಳಿಸುವವರು ರಾತ್ರೋರಾತ್ರಿ ಅದನ್ನು ಬಿಚ್ಚಿದರು. ಮೊಬೈಲಿನ ಸಿಮ್ ಕಾರ್ಡಿನ ಜಾಡು ಲವಾಪಿಯೆಸ್ ಬಡಾವಣೆಯ ಒಂದು ಅಂಗಡಿಗೆ ಕರೆದೊಯ್ದಿತು. ಆ ಬಡಾವಣೆ ವಲಸಿಗರಿಂದ ತುಂಬಿದ್ದು, ಮೊರಾಕ್ಕೊದವರೂ ಅಲ್ಲಿ ಬಹಳ. ಪೊಲೀಸರು ಹುಡುಕಿದ್ದು ಆ ಕಾರ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು. 2007ರ ಅಕ್ಟೋಬರ್‌ನಲ್ಲಿ ತೀರ್ಪು ಬಂದಾಗ ಕಟಕಟೆಯಲ್ಲಿ 28 ಮಂದಿ ಇದ್ದರು. ನೀನು ಏನು ಮಾಡಿದೆ ಎಂಬ ಪ್ರಶ್ನೆಯನ್ನು ಅವರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹಾಕಿ, 21 ಮಂದಿಯನ್ನು ಅಪರಾಧಿಗಳೆಂದ ನ್ಯಾಯಾಲಯ, ಸಾಕ್ಷ್ಯ ಸಾಲದೆಂದು ಏಳು ಮಂದಿಯನ್ನು ಬಿಟ್ಟಿತು. 191 ಜನರನ್ನು ಕಳೆದುಕೊಂಡ ಊರು, ತನ್ನನ್ನು ಒಂದೇ ಒಡಲೆಂದು ಕಂಡವರ ಗುಂಪನ್ನು ಒಂದೇ ಒಡಲೆಂದು ಕಾಣಲು ಒಪ್ಪಲಿಲ್ಲ.